ವಾಗ್ದಾನದ ಹಿಂದುಮುಂದನ್ನೂ ಓದಿ



ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕ ವಾಗ್ದಾನದ ಚೀಟಿಯನ್ನು ಸತ್ಯವೇದದೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತೀರಿ. ಬೆಳಗಾದರೆ ಮೊಬೈಲ್ ಸ್ಟೇಟಸ್‌ಗೆ ಒಂದು ವಚನ ಹಾಕುತ್ತೀರಿ. ನೋಡಿದಾಗ ನನಗೆ ಸಂತೋಷವಾಗುತ್ತದೆ. ಸಭೆಯ ಹಿರಿಯನಾಗಿ ಇನ್ನೊಂದು ಮಾತು ಹೇಳುತ್ತೇನೆ, ಕೇಳಿ: ಆ ವಚನದ ಹಿಂದುಮುಂದನ್ನೂ ಓದಿ. ನಮ್ಮನ್ನು ಸಂತೈಸುವ ಮಾತು, ನಮ್ಮನ್ನು ತಿದ್ದುವ ಮಾತು ಎರಡೂ ಒಂದೇ ಪುಟದಲ್ಲಿವೆ. ಬೇಕಾದಷ್ಟನ್ನೇ ಕತ್ತರಿಸಿಕೊಂಡರೆ ಸಾಂತ್ವನವೂ ಬಹಳ ದಿನ ಬಾಳುವುದಿಲ್ಲ.

ಯೆರೆಮೀಯ 29ನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ದೇವರು ತನ್ನ ಜನರ ಹಿತವನ್ನೇ ಯೋಚಿಸಿದ್ದಾನೆ ಎನ್ನುವ 11ನೆಯ ವಚನ ನಿಮಗೆಲ್ಲ ಬಾಯಿಪಾಠ. ಅದು ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರದ ಒಂದು ಸಾಲು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬವನು ಸಾರಿದ್ದ. ಯೆರೆಮೀಯ ಹೇಳಿದ್ದು 70 ವರ್ಷ. ಪತ್ರ ಕೇಳಿಸಿಕೊಂಡ ಎಷ್ಟೋ ಮಂದಿ ಮತ್ತೆ ತಮ್ಮೂರನ್ನು ಕಾಣುವಂತಿರಲಿಲ್ಲ. ಅಂಥವರಿಗೆ ಅವನು ಅಲ್ಲೇ ಮನೆ ಕಟ್ಟಲು, ತೋಟ ಮಾಡಲು, ಮಕ್ಕಳ ಮದುವೆ ಮಾಡಲು, ತಮ್ಮನ್ನು ಹಿಡಿದಿಟ್ಟ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಲು ಹೇಳಿದ.

ಬೀದರಿನಿಂದಲೋ ಗದಗಿನಿಂದಲೋ ಬೆಂಗಳೂರಿಗೆ ಬಂದು ಪೀಜಿಯಲ್ಲಿದ್ದು ಕೆಲಸ ಹುಡುಕುತ್ತಿರುವವರು ಈ ಪತ್ರವನ್ನು ಪೂರ್ತಿ ಓದಬೇಕು. ನಾಳೆಯೇ ಕೆಲಸ ಸಿಗುತ್ತದೆ ಎಂಬ ಭರವಸೆಯನ್ನು ಇದು ಕೊಡುವುದಿಲ್ಲ. ತಡವಾದರೂ ದೇವರು ನಿಮ್ಮನ್ನು ಮರೆತಿಲ್ಲ ಎನ್ನುತ್ತದೆ. ಕಾಯುವ ದಿನಗಳಲ್ಲೂ, ಇರುವ ಊರಿಗೆ ಒಳ್ಳೆಯದು ಮಾಡುವ ಹೊಣೆಯನ್ನು ನಿಮಗೆ ಒಪ್ಪಿಸುತ್ತದೆ.

ಪರೀಕ್ಷೆಗೆ ಹೊರಡುವಾಗ ನೀವು ನೆನೆಯುವ, ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎನ್ನುವ ಫಿಲಿಪ್ಪಿ 4:13 ಕೂಡ ಹೀಗೆಯೇ. ಪೌಲನು ಅದನ್ನು ಬರೆದದ್ದು ಬೇಡಿಯಲ್ಲಿದ್ದಾಗ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರಲು ಕಲಿತೆನೆಂದು ಅದರ ಹಿಂದಿನ ವಚನಗಳಲ್ಲಿ ಹೇಳುತ್ತಾನೆ. ಹಾಗಾಗಿ ಆ ಮಾತು ಫಲಿತಾಂಶ ಕೈಕೊಟ್ಟ ದಿನವೂ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಕೆಲವು ಅಧ್ಯಾಯಗಳು ಸುಮ್ಮನೆ ಕೂರಲು ಬಿಡುವುದಿಲ್ಲ. ಕಾಣಿಕೆ ಹಿಡಿದು ಬಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಮತ್ತಾಯ 5ರಲ್ಲಿ ಯೇಸು ಹೇಳುತ್ತಾನೆ. ಮನೆಯ ಪಾಲಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟಿರುವ ನಮ್ಮ ಕುಟುಂಬಗಳಿಗೆ ಇದು ನೇರವಾಗಿ ತಗಲುತ್ತದೆ. ದಿನಗೂಲಿಯವನ ಹಣವನ್ನು ಒಂದು ರಾತ್ರಿಯೂ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19 ವಿಧಿಸುತ್ತದೆ. ಮನೆಗೆಲಸದ ಅಕ್ಕನ ಸಂಬಳವನ್ನು ಮುಂದಿನ ವಾರಕ್ಕೆ ದೂಡುವವರು ಆ ಅಧ್ಯಾಯವನ್ನು ಓದಿ ಹಾಯಾಗಿ ಮಲಗಲಾರರು. ಮಲಗಬಾರದು ಕೂಡ.

ಇನ್ನು, ಪ್ರಾರ್ಥಿಸಲು ಮಾತೇ ಬಾರದ ದಿನಗಳು ಬರುತ್ತವೆ. ಆಗ 88ನೆಯ ಕೀರ್ತನೆ ತೆರೆಯಿರಿ. ಅಳಲಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ನಿರೀಕ್ಷೆಯ ಕಡೆ ತಿರುಗುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. ಅಂಥ ಗೋಳನ್ನೂ ಪ್ರಾರ್ಥನೆಯೆಂದು ಸತ್ಯವೇದ ಉಳಿಸಿಕೊಂಡಿದೆ. ನಗುಮುಖ ಹೊತ್ತುಕೊಂಡೇ ದೇವರ ಮುಂದೆ ಬರಬೇಕೆಂದಿಲ್ಲ, ಮಕ್ಕಳೇ. ಅಂಥ ದಿನ ಒಬ್ಬರೇ ಕೊರಗಬೇಡಿ. ಅಮ್ಮನಿಗೋ ಗೆಳೆಯರಿಗೋ ಸಭಾಪಾಲಕರಿಗೋ ಹೇಳಿಕೊಳ್ಳಿ.

ಈ ಎಲ್ಲ ಮಾತುಗಳೂ ನಮ್ಮ ಭಾಷೆಯಲ್ಲೇ ನಮಗೆ ಸಿಕ್ಕಿವೆ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ವಂಶಾವಳಿ, ಪ್ರಲಾಪ, ಪ್ರವಾದಿಗಳ ಗದರಿಕೆ ಯಾವುದನ್ನೂ ಅವರು ಬಿಡಲಿಲ್ಲ. ಅಷ್ಟನ್ನೂ ಓದುವ ಭಾಗ್ಯ ನಮ್ಮದು.

ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಅದರಲ್ಲಿ 16 ಅಧ್ಯಾಯಗಳಿವೆ. ದಿನಕ್ಕೊಂದನ್ನು ಬಾಯಿಬಿಟ್ಟು ಓದಿ. ತಿಳಿಯದ ಕಡೆ ಗುರುತು ಹಾಕಿ, ಬಲ್ಲವರನ್ನು ಕೇಳಿ. ಅದು ಮುಗಿದ ಮೇಲೆ ಕೀರ್ತನೆಗಳಿಗೆ ಬನ್ನಿ. ಓದಿ ಎದ್ದಾಗಲೆಲ್ಲ ಎರಡನ್ನು ಯೋಚಿಸಿ: ಇಂದು ನನಗೆ ಧೈರ್ಯ ಕೊಟ್ಟದ್ದು ಯಾವುದು, ನನ್ನಿಂದ ಏನನ್ನು ಕೇಳಿತು? ಕೊಡಬೇಕಾದ ಹಣವಿದ್ದರೆ ಅಂದೇ ಕೊಡಿ. ಮಾತು ಬಿಟ್ಟ ಅಣ್ಣನಿದ್ದರೆ ನೀವೇ ಮೊದಲು ಫೋನ್ ಮಾಡಿ. ಹೀಗೆ ನಡೆದು ನೋಡುವವರಿಗೇ ವಾಗ್ದಾನದ ತೂಕ ತಿಳಿಯುವುದು.