ಬದರೀಯಾತ್ರೆಯೂ ಯಾತ್ರಿಕನ ನಡೆಯೂ

ಶ್ರೀವಾದಿರಾಜಗುರುಸಾರ್ವಭೌಮರು ಭರತಖಂಡವನ್ನು ಸಂಚರಿಸಿ ರಚಿಸಿದ ‘ತೀರ್ಥಪ್ರಬಂಧ’ವು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣವೆಂದು ದಿಕ್ಕಿಗೊಂದರಂತೆ ನಾಲ್ಕು ಪ್ರಬಂಧಗಳಾಗಿರುವುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಸರಿ. ಪಾಠಶಾಲೆಯಲ್ಲಿ ಆ ಗ್ರಂಥವನ್ನು ಓದುವಾಗ ಈ ಲೇಖಕನ ಗಮನಕ್ಕೆ ಬಾರದಿದ್ದ ಅಂಶವೊಂದು ಬಹುಕಾಲದ ನಂತರ ಹೊಳೆಯಿತು. ಶ್ರೀಗಳವರು ಗುಡಿಯಲ್ಲಿನ ಮೂರ್ತಿಯನ್ನು ಸ್ತುತಿಸುವಷ್ಟೇ ಆದರದಿಂದ ದಾರಿಯಲ್ಲಿ ಎದುರಾದ ನದಿ, ಸರೋವರ, ಗಿರಿಗಳನ್ನೂ ಸಂಬೋಧಿಸಿ ಪ್ರಾರ್ಥಿಸಿದ್ದಾರೆ. ಹೀಗೆ ಕೈಮುಗಿದು ದಾಟಿದ ನದಿಯಲ್ಲಿಯೇ ನಾವು ಇಂದು ಸಾಬೂನಿನ ನೊರೆಯನ್ನು ಬಿಟ್ಟು ಬರುತ್ತೇವಲ್ಲಾ ಎಂಬ ಸಂಕೋಚವೇ ಈ ಲೇಖನಕ್ಕೆ ಕಾರಣ.

ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ಪ್ರಸಂಗ ಬರುವಾಗ, ಕೈ, ಕಾಲು, ಮನಸ್ಸುಗಳು ಯಾರ ಹತೋಟಿಯಲ್ಲಿವೆಯೋ ಅವನಿಗೇ ತೀರ್ಥಫಲವೆಂದು ಹೇಳಲ್ಪಟ್ಟಿದೆ. ಮನಸ್ಸಿನ ನಿಗ್ರಹವನ್ನು ಕುರಿತು ಉಪನ್ಯಾಸಗಳಲ್ಲಿ ಸಾಕಷ್ಟು ಕೇಳುತ್ತೇವೆ. ಕೈಕಾಲುಗಳ ನಿಗ್ರಹವೆಂದರೇನೆಂದು ವಿಚಾರಿಸುವವರು ವಿರಳ. ಎಲ್ಲಿ ಕಾಲಿಡಬಾರದು, ಯಾವುದನ್ನು ಕೀಳಬಾರದು, ಏನನ್ನು ಎಸೆಯಬಾರದು ಎಂಬುದೇ ಅದರ ಮೊದಲ ಅರ್ಥವಲ್ಲವೇ? ನೀರಿನಲ್ಲಿ ಮಲಮೂತ್ರಗಳನ್ನೂ ಉಗುಳನ್ನೂ ಬಿಡಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಸ್ಪಷ್ಟವಾಗಿ ವಿಧಿಸಿದೆ. ಸಾಬೂನಿನ ಹೆಸರು ಅಲ್ಲಿಲ್ಲವೆಂದು ವಾದಿಸುವವರೊಡನೆ ನಮಗೆ ಚರ್ಚೆಯಿಲ್ಲ.

ಇಲ್ಲಿ ಸ್ವಂತ ಅಪರಾಧವೊಂದನ್ನು ನಿವೇದಿಸುವುದು ಅವಶ್ಯಕ. ಕೆಲವು ವರ್ಷಗಳ ಹಿಂದೆ ಸುಮಾರು ಮೂವತ್ತು ಮಂದಿ ಆಸ್ತಿಕರ ತಂಡದೊಡನೆ, ಪೂಜೆ-ಸಂಕಲ್ಪಗಳನ್ನು ಮಾಡಿಸುವವನಾಗಿ, ಬದರಿಗೆ ಹೋಗಿದ್ದೆನು. ಜೋಶಿಮಠಕ್ಕಿಂತ ಕೆಳಗಿನ ಒಂದು ಹಳ್ಳಿಯಲ್ಲಿ ರಾತ್ರಿ ತಂಗಿದೆವು. ಬೆಳಗಿನ ಜಾವ ಎದ್ದು ನೋಡಿದರೆ ವಸತಿಯ ನಲ್ಲಿಯಲ್ಲಿ ನೀರಿಲ್ಲ. ಸ್ವಲ್ಪ ಮೇಲೆ, ಕಲ್ಲಿನ ದೋಣಿಯಿಂದ ಧುಮುಕುವ ಬುಗ್ಗೆಯೊಂದಿತ್ತು. ಅಲ್ಲಿನವರು ಅದನ್ನು ‘ಧಾರಾ’ ಎನ್ನುತ್ತಾರೆ. ನಾವು ಮೂವತ್ತು ಮಂದಿಯೂ ಅಲ್ಲಿಯೇ ಸಾಬೂನು ಹಚ್ಚಿ ಮಿಂದೆವು. ಮಡಿಬಟ್ಟೆಗಳನ್ನು ಅಲ್ಲಿಯೇ ಒಗೆದು ಹಿಂಡಿದೆವು. ತಾಮ್ರದ ಕೊಡ ಹಿಡಿದು ಬಂದ ವೃದ್ಧೆಯೊಬ್ಬಳು ಬಹಳ ಹೊತ್ತು ದೂರದಲ್ಲಿ ನಿಂತಿದ್ದು, ಕೊನೆಗೆ, “ಪಂಡಿತ್‌ಜೀ, ಇದು ಕುಡಿಯುವ ನೀರು” ಎಂದಷ್ಟೇ ಹೇಳಿದಳು. ನಾನಾದರೋ, ನಮಗೆ ಮಡಿಯಾಗಬೇಕು, ಪೂಜೆಗೆ ಹೊತ್ತಾಗುತ್ತದೆ ಎಂದು ನನ್ನ ಹರಕು ಹಿಂದಿಯಲ್ಲಿ ಉತ್ತರಿಸಿದೆನು. ಆಕೆ ಮರುಮಾತಾಡದೆ ಬರಿಗೊಡ ಹೊತ್ತು ಇಳಿದು ಹೋದಳು.

ಊರಿಗೆ ಮರಳಿದ ಮೇಲೆ ಗಂಗಾಸಮಾರಾಧನೆಯ ದಿನ ಈ ಸಂಗತಿಯನ್ನು ತಮಾಷೆಯೆಂಬಂತೆ ಹೇಳಿದಾಗ ತೀರ್ಥರೂಪರು ನಗಲಿಲ್ಲ. “ಆ ದಿನ ಆ ಊರಿನವರು ಯಾವ ನೀರು ಕುಡಿದರೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯ ಬಾವಿಕಟ್ಟೆಯ ಮೇಲೆ ಎಂಜಲು ಕೈ ಇಡಗೊಡದವರು ಅವರು. ಬಾಣಂತಿ ಗಂಗಾಪೂಜೆ ಮಾಡುವ ಬಾವಿಯ ಬಳಿ ಅನ್ಯರು ಬಂದು ಬಟ್ಟೆ ಒಗೆದರೆ ನಾವು ಸುಮ್ಮನಿರುತ್ತಿದ್ದೆವೇ? ಗಢವಾಲದ ಹಳ್ಳಿಗಳಲ್ಲಿ ಹೊಸದಾಗಿ ಮನೆಗೆ ಬಂದ ಸೊಸೆಯಿಂದ ಆ ಧಾರೆಗೆ ಪೂಜೆ ಮಾಡಿಸುವ ಪದ್ಧತಿಯಿದೆಯೆಂದು ನನಗೆ ತಿಳಿದದ್ದು ಅನಂತರ. ಮಡಿಯೆಂಬುದು ನಮ್ಮ ಶುದ್ಧಿಗಾಗಿ ಇರುವ ನಿಯಮವಾಗಿದ್ದು, ಅದು ಪರರ ಕೊಡವನ್ನು ಬರಿದು ಮಾಡಿದರೆ ಶುದ್ಧಿಯಾದದ್ದು ಯಾರಿಗೆ? ಬಕೆಟ್ಟಿನಲ್ಲಿ ನೀರು ಹಿಡಿದು, ಬುಗ್ಗೆಯಿಂದ ಕೆಳಭಾಗದಲ್ಲಿ, ಹರಿಯುವ ನೀರಿಗೆ ಸೇರದಂತೆ ದೂರದಲ್ಲಿ ಸ್ನಾನ ಮಾಡಿದರೆ ಮಡಿಗೇನೂ ಕೊರತೆಯಾಗದು. ಸಾಬೂನನ್ನು ಒಂದು ದಿನ ಬಿಟ್ಟರೂ ಆಗದು.

ಆ ಗಿರಿಪ್ರದೇಶದ ಸ್ಥಿತಿಯನ್ನು ಅರಿತವರಿಗೆ ಇದು ಸಣ್ಣ ವಿಷಯವೆನಿಸಲಾರದು. ಜೋಶಿಮಠವು ಪುರಾತನ ಭೂಕುಸಿತದ ಮಣ್ಣುಕಲ್ಲುಗಳ ರಾಶಿಯ ಮೇಲೆ ನಿಂತಿದೆಯೆಂದೂ, ಅಲ್ಲಿ ಭಾರಿ ಕಟ್ಟಡಗಳೂ ಬಂಡೆ ಸಿಡಿಸುವಿಕೆಯೂ ಸಲ್ಲದೆಂದೂ 1976ರಲ್ಲಿಯೇ ಮಿಶ್ರಾ ಸಮಿತಿಯು ವರದಿ ಕೊಟ್ಟಿತ್ತು. 2023ರ ಜನವರಿಯಲ್ಲಿ ಅಲ್ಲಿನ ನೂರಾರು ಮನೆಗಳು ಬಿರುಕುಬಿಟ್ಟು ಜನರು ಮನೆ ತೊರೆಯಬೇಕಾಯಿತು. ಅದಕ್ಕೆ ಮುಂಚೆ, 2021ರ ಫೆಬ್ರವರಿ 7ರಂದು, ಋಷಿಗಂಗೆಯಲ್ಲಿ ಪ್ರವಾಹ ಬಂದು ಇನ್ನೂರಕ್ಕೂ ಮಿಕ್ಕಿ ಜನರು ಮೃತರಾದರು ಅಥವಾ ಕಾಣೆಯಾದರು. 2013ರ ಜೂನ್ ತಿಂಗಳಲ್ಲಿ ಮಳೆಗಾಲವು ಅವಧಿಗೆ ಮುನ್ನವೇ ಪ್ರವೇಶಿಸಿ ಕೇದಾರದಲ್ಲಿ ಸಹಸ್ರಾರು ಪ್ರಾಣಗಳು ಹೋದದ್ದನ್ನೂ, ಬದರಿಯಲ್ಲಿ ಸಾವಿರಾರು ಯಾತ್ರಿಕರು ದಾರಿಯಿಲ್ಲದೆ ಸಿಕ್ಕಿಬಿದ್ದದ್ದನ್ನೂ ಮರೆಯಲಾಗದು. ಎಲ್ಲಕ್ಕೂ ಯಾತ್ರಿಕನೇ ಕಾರಣನೆಂದು ಹೇಳುವುದು ಅನ್ಯಾಯ. ಆದರೆ ನದಿಯ ಪಾತ್ರದಲ್ಲಿಯೇ ಎದ್ದ ವಸತಿಗೃಹಗಳು ನಮ್ಮಂಥವರಿಗಾಗಿಯೇ ಎದ್ದವು ಎಂಬುದು ಸುಳ್ಳಲ್ಲ.

ಯತಿಗಳು ಮಳೆಗಾಲದಲ್ಲಿ ಸಂಚರಿಸದೆ ಒಂದೆಡೆ ನಿಂತು ಚಾತುರ್ಮಾಸ್ಯವನ್ನು ಆಚರಿಸುವುದರಲ್ಲಿ, ಆ ಕಾಲದಲ್ಲಿ ನೆಲದ ಮೇಲೆ ಹುಟ್ಟುವ ಸಣ್ಣ ಜೀವಿಗಳು ಕಾಲಡಿಗೆ ಸಿಗಬಾರದೆಂಬ ಭೂತದಯೆಯಿದೆ. ಗೃಹಸ್ಥರಿಗೆ ಈ ನಿರ್ಬಂಧವಿಲ್ಲವಾದರೂ, ಆಷಾಢ-ಶ್ರಾವಣಗಳಲ್ಲಿ ಹಿಮಾಲಯದ ದಾರಿಯನ್ನು ಹಿಡಿಯದಿರುವುದು ಎಲ್ಲ ರೀತಿಯಿಂದಲೂ ಕ್ಷೇಮ. ರಜೆ ಸಿಗುವುದು ಆಗಲೇ ಎಂಬ ಸಮಾಧಾನವನ್ನು ಗುಡ್ಡವು ಕೇಳುವುದಿಲ್ಲ.

ಇನ್ನು ಅಲ್ಲಿನ ಜನರ ವಿಷಯ. ಬದರಿಯಿಂದ ಮೂರು ಕಿಲೋಮೀಟರು ಮೇಲಿನ ಮಾಣಾ ಗ್ರಾಮಕ್ಕೆ ನಮ್ಮವರು ವ್ಯಾಸಗುಹೆಯ ದರ್ಶನಕ್ಕಾಗಿ ತಪ್ಪದೆ ಹೋಗುತ್ತಾರೆ. ಅಲ್ಲಿನ ಭೋಟಿಯಾ ಜನರು ಬೇಸಿಗೆಯಲ್ಲಿ ಮೇಲೇರಿ, ಹಿಮ ಬೀಳುವ ಮುನ್ನ ಕೆಳಗಿನ ಊರುಗಳಿಗೆ ಇಳಿಯುವವರು. ಕುರಿ ಮೇಯಿಸಿ ಉಣ್ಣೆ ನೇಯುವವರು. ಇವರ ವೇಷಭಾಷೆಗಳನ್ನು ಕಂಡು ಹುಬ್ಬೇರಿಸುವವರನ್ನು ಕಂಡಿದ್ದೇನೆ. ಕಾರ್ತೀಕದ ಸುಮಾರಿಗೆ ಬದರೀನಾರಾಯಣನ ಬಾಗಿಲು ಮುಚ್ಚುವಾಗ, ಸ್ವಾಮಿಗೆ ಹೊದಿಸುವ ಕಂಬಳಿಯನ್ನು ನೇಯ್ದು ಕೊಡುವವರು ಇದೇ ಮಾಣಾದ ಕನ್ಯೆಯರು. ತುಪ್ಪ ಸವರಿದ ಆ ‘ಘೃತಕಂಬಳ’ವನ್ನು ಹೊದ್ದು ಸ್ವಾಮಿಯು ಚಳಿಗಾಲವನ್ನು ಕಳೆಯುತ್ತಾನೆ, ಬಾಗಿಲು ತೆರೆದ ದಿನ ಅದೇ ಪ್ರಸಾದವಾಗುತ್ತದೆ. ನಮ್ಮ ಮನೆಗಳಲ್ಲಿಯೂ ಧಾಬಳಿಗೆ ಮಡಿಯುಂಟಷ್ಟೆ. ಭಗವಂತನು ಹೊದ್ದ ಬಟ್ಟೆಯನ್ನು ನೇಯ್ದ ಕೈಗಳಿಗೆ ನಾವು ಮಾನ ಕೊಡದಿದ್ದರೆ ಹೇಗೆ? ಆ ಊರಿನ ಕ್ಷೇತ್ರಪಾಲನಾದ ಘಂಟಾಕರ್ಣನ ಕಥೆಯು ಹರಿವಂಶದಲ್ಲಿದೆ. ಶ್ರೀಕೃಷ್ಣನಿಂದ ಬದರಿಯಲ್ಲಿ ಉದ್ಧಾರಗೊಂಡವನು ಅವನು. ವ್ಯಾಸಗುಹೆಗೆ ಹೋಗುವವರು ಆ ಗುಡಿಯ ಮುಂದೆಯೂ ಒಂದು ಕ್ಷಣ ನಿಲ್ಲಬೇಕೆಂದು ವಿನಂತಿ. ಹಾಗೆಯೇ, ಉಣ್ಣೆ ನೂಲುತ್ತ ಕುಳಿತ ಮುದುಕಿಯರ ಮುಖಕ್ಕೆ ಮೊಬೈಲು ಹಿಡಿಯುವ ಮುನ್ನ ಅವರ ಅಪ್ಪಣೆಯನ್ನು ಕೇಳುವುದು ಒಳ್ಳೆಯದು. ಅವರೇ ನೇಯ್ದ ಒಂದು ಟೋಪಿಯನ್ನೋ ಕಾಲುಚೀಲವನ್ನೋ, ಅತಿಯಾಗಿ ಚೌಕಾಸಿ ಮಾಡದೆ, ಕೊಂಡರೆ ಇನ್ನೂ ಒಳ್ಳೆಯದು.

1962ರ ಯುದ್ಧಾನಂತರ ಮೋಟಾರು ರಸ್ತೆ ಬದರಿಯವರೆಗೆ ಆಗುವ ಮೊದಲು ಯಾತ್ರಿಕರು ನಡೆದೇ ಹೋಗುತ್ತಿದ್ದರು. ದಾರಿಯುದ್ದಕ್ಕೂ ‘ಚಟ್ಟಿ’ಗಳೆಂಬ ತಂಗುದಾಣಗಳಿದ್ದವು. ಅಲ್ಲಿ ಅಕ್ಕಿ-ಬೇಳೆ ಕೊಂಡವನಿಗೆ ಮಲಗಲು ಜಾಗ, ಅಡಿಗೆಗೆ ಪಾತ್ರೆ ಉಚಿತ. ಸ್ವಪಾಕದ ನಿಯಮಕ್ಕೂ ಇದರಿಂದ ಭಂಗವಿರಲಿಲ್ಲ. ಹಣವೂ ಆ ಹಳ್ಳಿಯಲ್ಲಿಯೇ ಉಳಿಯುತ್ತಿತ್ತು. ಈಗ ಅಡಿಗೆಯವರೊಡನೆ ಅಕ್ಕಿ, ಬೇಳೆ, ತರಕಾರಿಗಳನ್ನೂ ಬೆಂಗಳೂರಿನಿಂದಲೇ ಕೊಂಡೊಯ್ಯುತ್ತೇವೆ. ಅಲ್ಲಿ ಬಿಟ್ಟುಬರುವುದು ಕಸವನ್ನು ಮಾತ್ರ. ಅಡಿಗೆಯವರು ನಮ್ಮವರೇ ಇರಲಿ, ಅಡ್ಡಿಯಿಲ್ಲ. ಹಾಲು, ಆಲೂಗಡ್ಡೆ, ಸೊಪ್ಪು, ಆ ಬೆಟ್ಟದಲ್ಲಿಯೇ ಬೆಳೆಯುವ ರಾಜ್ಮಾ (ದ್ವಿದಳವ್ರತದ ಮಾಸವಲ್ಲದಿದ್ದರೆ), ಇವುಗಳನ್ನು ಅಲ್ಲಿಯ ಅಂಗಡಿಯಿಂದಲೇ ಕೊಳ್ಳಬಹುದು.

ಸದ್ದಿನ ಬಗ್ಗೆಯೂ ಒಂದು ಮಾತು. ಶ್ರೀಮದಾಚಾರ್ಯರು ಬದರಿಯ ಅನಂತಮಠದಲ್ಲಿ 48 ದಿನಗಳ ಕಾಲ ಉಪವಾಸದೊಡನೆ ಕಾಷ್ಠಮೌನವನ್ನು ಆಚರಿಸಿದರೆಂದು ಸುಮಧ್ವವಿಜಯದಿಂದ ತಿಳಿದುಬರುತ್ತದೆ. ಅಂಥ ಸ್ಥಳಕ್ಕೆ ಧ್ವನಿಪೆಟ್ಟಿಗೆಯೊಡನೆ ಹೋಗುವುದು ಶೋಭಿಸದು. ಬದರಿಯಲ್ಲಿ ಶಂಖವನ್ನು ಊದುವ ರೂಢಿಯೂ ಇಲ್ಲ. ನಮ್ಮ ತಂಡದಲ್ಲಿ ಒಬ್ಬರು ಶಂಖವನ್ನು ತಂದಿದ್ದರು. ಅಲ್ಲಿಯ ಅರ್ಚಕರು ಸೌಮ್ಯವಾಗಿ ತಡೆದರು. ಇದಕ್ಕೆ ಪ್ರಮಾಣವೇನೆಂದು ಅವರೊಡನೆ ವಾದಕ್ಕಿಳಿದವರೂ ನಮ್ಮಲ್ಲಿದ್ದರು. ಸ್ಥಳದ ಸಂಪ್ರದಾಯವೇ ಅಲ್ಲಿ ಪ್ರಮಾಣ. ಉಡುಪಿಗೆ ಬಂದ ಉತ್ತರದೇಶೀಯನು ನವಗ್ರಹ ಕಿಂಡಿಯ ಮೂಲಕವೇ ಏಕೆ ದರ್ಶನವೆಂದು ಜಗಳಕ್ಕೆ ನಿಂತರೆ ನಮಗೆ ಹೇಗಾದೀತೋ ಹಾಗೆಯೇ ಇದೂ.

‘ಬದರೀವನ’ವೆಂದು ಹೆಸರಾದ ಆ ಎಡೆಯ ಸುತ್ತಲ ಇಳಿಜಾರುಗಳು ಬೋಳಾಗಿದ್ದುದನ್ನು ಕಂಡು, 1993ರಲ್ಲಿ ಗೋವಿಂದವಲ್ಲಭ ಪಂತ್ ಹೆಸರಿನ ಹಿಮಾಲಯ ಪರಿಸರ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ ಪ್ರಧಾನ ಅರ್ಚಕರಾದ ರಾವಲರನ್ನು ಪ್ರಾರ್ಥಿಸಿದರು. ರಾವಲರು ಸಸಿಗಳನ್ನು ಮಂತ್ರಿಸಿ ಪ್ರಸಾದವಾಗಿ ಕೊಟ್ಟರು. ಯಾತ್ರಿಕರೂ ಊರವರೂ ಅವುಗಳನ್ನು ನೆಟ್ಟರು. ಹಿಮದ ಭಾರಕ್ಕೆ ಬಹಳಷ್ಟು ಸಸಿಗಳು ನಲುಗಿದವು, ಮರಳಿ ನೆಡಬೇಕಾಯಿತು. ಬ್ರಹ್ಮಕಮಲವನ್ನು ಕಂಡಕೂಡಲೇ ಕಿತ್ತು ಪುಸ್ತಕದೊಳಗೆ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು. ಸುಮಾರು 3,100 ಮೀಟರಿನ ಆ ಎತ್ತರದ ಚಳಿಯಲ್ಲಿ ಗಿಡ ಬೆಳೆಯುವುದೂ ನಿಧಾನ, ಎಸೆದದ್ದು ಕೊಳೆಯುವುದೂ ನಿಧಾನ.

ಆದಕಾರಣ ಈ ಬಾರಿ ವೈಶಾಖದಲ್ಲಿ ಹೊರಡುವ ನಮ್ಮ ತಂಡಕ್ಕೆ ಕೆಲವು ಏರ್ಪಾಡುಗಳಾಗಿವೆ. ಒಣಗಿದ ಮುತ್ತುಗದೆಲೆಗಳನ್ನೂ ದೊನ್ನೆಗಳನ್ನೂ ಇಲ್ಲಿಂದಲೇ ಕಟ್ಟಿಕೊಂಡು ಹೋಗುವುದು. ಉಂಡೆಲೆಗಳನ್ನು ಹೊಳೆಗೆ ಹಾಕದೆ ಚೀಲದಲ್ಲಿ ಕೆಳಗೆ ಇಳಿಸುವುದು. ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲಸಹಿತ ಅಲಕನಂದೆಗೆ ಬಿಡುವ ಪದ್ಧತಿಯನ್ನು ನಿಲ್ಲಿಸಲಾಗಿದೆ. ಪ್ರತಿಯೊಬ್ಬರೂ ಒಂದು ತಂಬಿಗೆ, ಒಂದು ನೀರಿನ ಪಾತ್ರೆಯನ್ನು ತರತಕ್ಕದ್ದು. ಆ ಹಳ್ಳಿಯಲ್ಲಿಯೇ ಒಂದು ರಾತ್ರಿ ತಂಗುವಂತೆ ನಾನು ಕೇಳಿಕೊಂಡಿದ್ದೇನೆ. ಆ ವೃದ್ಧೆ ಇರುವಳೋ ಇಲ್ಲವೋ; ಇದ್ದರೂ ಗುರುತಿಸಲಾರೆನೇನೋ. ಬೆಳಗಿನ ಸ್ನಾನಕ್ಕೆ ಬಕೆಟ್ಟುಗಳನ್ನು ಹೊರುವ ಕೆಲಸವನ್ನು ತಂಡದ ಯುವಕರಿಗೆ ವಹಿಸಲಾಗಿದೆ. ಮೊದಲನೆಯ ಬಕೆಟ್ಟು ನನ್ನದು.