ಹಗುರ ಕಾರು: ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಹೊರನಾಡಿನಲ್ಲಿ ಕೆಲವು ವರ್ಷ ದುಡಿದು ಸ್ವದೇಶಕ್ಕೆ ಮರಳುವವರು ತಮ್ಮೊಡನೆ ಒಂದೆರಡು ಬಯಕೆಗಳನ್ನೂ ಹೊತ್ತು ತರುವುದುಂಟು. ಇಂಗ್ಲೆಂಡಿನಿಂದ ಹಿಂದಿರುಗಿದಾಗ ನಾವು ತಂದುದು ಒಂದು ಕಾರಿನ ಬಯಕೆ. ಅಲ್ಲಿ ನಮ್ಮ ಬಳಿ ಎರಡೇ ಆಸನಗಳುಳ್ಳ, ಮಾಡು ತೆರೆಯಬಹುದಾದ, ಬಹು ಹಗುರವಾದ ಸ್ಪೋರ್ಟ್ಸ್ ಕಾರೊಂದಿತ್ತು. ಅದನ್ನು ನಡೆಸಿದ ಕೈಗಳಿಗೆ ಬೇರೆ ಕಾರು ರುಚಿಸದಾಯಿತು. ಊರಿಗೆ ಬಂದಮೇಲೂ ಅಂಥದೊಂದು ಇರಲೇಬೇಕೆಂದು ನಿಶ್ಚಯಿಸಿದೆವು.

ನಮ್ಮ ಊರು ಮುಂಡಗೋಡ ತಾಲ್ಲೂಕಿನಲ್ಲಿ, ಅತ್ತಿವೇರಿ ಜಲಾಶಯಕ್ಕೆ ಸಮೀಪದ ಒಂದು ಹಳ್ಳಿ. ಜಲಾಶಯದ ಸುತ್ತಣ ಪ್ರದೇಶ ಇಂದು ಪಕ್ಷಿಧಾಮವಾಗಿದೆ. ಮುಂಡಗೋಡದಿಂದ ಅಲ್ಲಿಗೆ ಸುಮಾರು ೧೫ ಕಿಲೋಮೀಟರು. ನಮ್ಮ ಆಸೆಯನ್ನು ಕೇಳಿದ ತಂದೆಯವರು ಬೇರೇನನ್ನೂ ಆಡದೆ ಎರಡು ಪ್ರಶ್ನೆಗಳನ್ನು ಮಾತ್ರ ಹಾಕಿದರು: “ಊರ ಮುಂದಿನ ಉಬ್ಬನ್ನು ಅದು ದಾಟುತ್ತದೆಯೆ? ಹುಬ್ಬಳ್ಳಿಯ ದಾರಿಯಲ್ಲಿ ಲಾರಿ ಎದುರಾದರೆ ಏನು ಗತಿ?” ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಾವು ಪ್ರೌಢಶಾಲೆಯ ಭೌತಶಾಸ್ತ್ರವನ್ನೂ ರೇಖಾಗಣಿತವನ್ನೂ ಮತ್ತೊಮ್ಮೆ ಓದಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇವೆ.

ಹಗುರತನದ ಹಿನ್ನೆಲೆ

ಕಾರನ್ನು ಚುರುಕುಗೊಳಿಸಲು ಎರಡು ಮಾರ್ಗಗಳಿವೆ. ಎಂಜಿನ್ನಿನ ಬಲವನ್ನು ಹೆಚ್ಚಿಸುವುದು ಒಂದು. ಹೊರಬೇಕಾದ ಭಾರವನ್ನು ತಗ್ಗಿಸುವುದು ಇನ್ನೊಂದು. ಎರಡನೆಯ ಮಾರ್ಗವನ್ನು ಹಟ ಹಿಡಿದು ಅನುಸರಿಸಿದವರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಪ್ರಸಿದ್ಧರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಚನಾ ಎಂಜಿನಿಯರಿಂಗ್ ಓದಿದ ಅವರು ೧೯೫೨ರಲ್ಲಿ ಲೋಟಸ್ ಸಂಸ್ಥೆಯನ್ನು ಸ್ಥಾಪಿಸಿದರು. ೧೯೫೭ರಲ್ಲಿ ಬಂದ ಅವರ ‘ಸೆವೆನ್’ ಕಾರು ಅನಾವಶ್ಯಕವಾದುದೆಲ್ಲವನ್ನೂ ತೊರೆದ ಗಾಡಿ. ಚಾಪ್‌ಮನ್ನರ ಕಾಲಾನಂತರ, ೧೯೯೬ರಲ್ಲಿ, ಅದೇ ಸಂಸ್ಥೆ ‘ಎಲೀಸ್’ ಎಂಬ ಕಾರನ್ನು ಹೊರತಂದಿತು. ಅಚ್ಚಿನಿಂದ ಹೊರದೂಡಿ ರೂಪಿಸಿದ ಅಲ್ಯೂಮಿನಿಯಂ ತೊಲೆಗಳನ್ನು ಅಂಟಿನಿಂದ ಜೋಡಿಸಿದ ಅದರ ಚೌಕಟ್ಟಿನ ತೂಕ ೬೮ ಕಿಲೋಗ್ರಾಂ. ಅಂದರೆ ಒಬ್ಬ ಮನುಷ್ಯನ ತೂಕ. ಇಡೀ ಕಾರು ಸುಮಾರು ೭೨೫ ಕಿಲೋಗ್ರಾಂ.

ಕನ್ನಡ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ಬೆಂಗಳೂರಿನ ಸ್ಯಾನ್ ಸಂಸ್ಥೆ ೧೯೯೮ರಲ್ಲಿ ‘ಸ್ಟಾರ್ಮ್’ ಎಂಬ ಎರಡಾಸನದ ತೆರೆದ ಕಾರನ್ನು ಗೋವೆಯ ಕಾರ್ಖಾನೆಯಿಂದ ಹೊರತಂದಿತು. ಅದರ ಹೊರಮೈ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನದು, ಅಂದರೆ ಫೈಬರ್‌ಗ್ಲಾಸಿನದು. ಎಂಜಿನ್ನು ೧,೧೪೯ ಘನ ಸೆಂಟಿಮೀಟರಿನ ರೆನೋ, ಶಕ್ತಿ ಸುಮಾರು ೬೦ ಅಶ್ವಶಕ್ತಿ. ಅಮೆರಿಕದಲ್ಲಿ ಓದಿ, ಅಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಸೌರಕಾರಿನ ತಂಡದಲ್ಲಿ ದುಡಿದು ಹಿಂದಿರುಗಿದ ಚೇತನ್ ಮೈನಿ ಅವರ ‘ರೇವಾ’ ವಿದ್ಯುತ್ ಕಾರು ೨೦೦೧ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಿತು. ಅದು ಸ್ಪೋರ್ಟ್ಸ್ ಕಾರಲ್ಲ. ಆದರೂ ಸೀಸದ ಬ್ಯಾಟರಿಗಳ ಭಾರವನ್ನು ಹೊರಬೇಕಾದ ಆ ಗಾಡಿಗೂ ಪ್ಲಾಸ್ಟಿಕ್ ಹೊರಮೈಯನ್ನೇ ತೊಡಿಸಿದ್ದರು. ಇವೆರಡರ ತಯಾರಿಕೆಯೂ ಈಗ ನಿಂತಿದೆ.

ಹಗುರತನ ಕೊಡುವುದೇನು, ಕೊಡದಿರುವುದೇನು

ಎಲೀಸ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ೭೫ ಕಿಲೋಗ್ರಾಂ ತೂಗುವ ಚಾಲಕ ಕುಳಿತರೆ ಒಟ್ಟು ೮೦೦ ಕಿಲೋಗ್ರಾಂ. ಎಂಜಿನ್ನಿನ ಶಕ್ತಿ ೧೧೮ ಅಶ್ವಶಕ್ತಿ. ೧,೬೦೦ ಕಿಲೋಗ್ರಾಂ ತೂಗುವ ಕಾರು ಇಷ್ಟೇ ಚುರುಕಾಗಿ ವೇಗ ಪಡೆಯಬೇಕಾದರೆ ಅದಕ್ಕೆ ೨೩೬ ಅಶ್ವಶಕ್ತಿ ಬೇಕು. ಹಗುರ ಕಾರು ಸಣ್ಣ ಎಂಜಿನ್ನಿನಿಂದಲೇ ತೃಪ್ತಿಪಡುತ್ತದೆ. ಆದುದರಿಂದ ಇಂಧನವೂ ಉಳಿಯುತ್ತದೆ.

ಹಾಗಾದರೆ ಹಗುರ ಕಾರು ಕಡಿಮೆ ದೂರದಲ್ಲಿ ನಿಲ್ಲುವುದೆ? ಇಲ್ಲಿ ಅನೇಕರು ತಪ್ಪುತ್ತಾರೆ. ಗಂಟೆಗೆ ೭೨ ಕಿಲೋಮೀಟರು, ಅಂದರೆ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ೮೦೦ ಕಿಲೋಗ್ರಾಮಿನ ಕಾರಿನ ಚಲನಶಕ್ತಿ ೧,೬೦,೦೦೦ ಜೂಲ್. ೧,೬೦೦ ಕಿಲೋಗ್ರಾಮಿನದಕ್ಕೆ ಅದರ ಇಮ್ಮಡಿ. ಆದರೆ ಭಾರ ಇಮ್ಮಡಿಯಾದಾಗ ಟಯರು ನೆಲವನ್ನು ಒತ್ತುವ ಬಲವೂ ಇಮ್ಮಡಿ, ಘರ್ಷಣೆಯೂ ಇಮ್ಮಡಿ. ಸಮೀಕರಣದ ಎರಡು ಕಡೆಯಿಂದಲೂ ದ್ರವ್ಯರಾಶಿ ಹೊರಟುಹೋಗುತ್ತದೆ. ಘರ್ಷಣಾಂಕ ೦.೮ ಇರುವ ಒಣ ರಸ್ತೆಯಲ್ಲಿ ಎರಡೂ ಕಾರುಗಳು ಸುಮಾರು ೨೫.೫ ಮೀಟರಿನಲ್ಲಿ ನಿಲ್ಲುತ್ತವೆ, ೦.೪ಕ್ಕಿಳಿದ ಒದ್ದೆ ರಸ್ತೆಯಲ್ಲಿ ಎರಡಕ್ಕೂ ೫೧ ಮೀಟರು ಬೇಕು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ ೨೦ ಮೀಟರು ಬೇರೆ. ತಿರುವಿನಲ್ಲಿಯೂ ಇದೇ ನಿಯಮ. ೪೦ ಮೀಟರು ತ್ರಿಜ್ಯದ ಒದ್ದೆ ತಿರುವಿನಲ್ಲಿ ಜಾರದೆ ಹೋಗಬಹುದಾದ ಗರಿಷ್ಠ ವೇಗ, ಕಾರು ಹಗುರವಿರಲಿ ಭಾರವಿರಲಿ, ಗಂಟೆಗೆ ೪೫ ಕಿಲೋಮೀಟರಿನ ಆಸುಪಾಸು.

ಇದು ಸ್ಥೂಲ ನಿಯಮ. ವಾಸ್ತವದಲ್ಲಿ ಟಯರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಗಿಂತ ತುಸು ಕಡಿಮೆಯಾಗಿಯೇ ಏರುತ್ತದೆ. ಆದುದರಿಂದ ಹಗುರ ಕಾರಿಗೆ ಸ್ವಲ್ಪ ಲಾಭವುಂಟು. ಅದರ ಬ್ರೇಕುಗಳು ಹೀರಬೇಕಾದ ಶಾಖವೂ ಅರ್ಧ. ಉದ್ದನೆಯ ಘಟ್ಟವಿಳಿಯುವಾಗ ಈ ಗುಣ ಅಮೂಲ್ಯ. ಎಲ್ಲಕ್ಕಿಂತ ಮಿಗಿಲಾಗಿ, ಜಡತ್ವ ಕಡಿಮೆಯಾದ್ದರಿಂದ ದಿಕ್ಕು ಬದಲಿಸಲು ಅದು ತಡಮಾಡುವುದಿಲ್ಲ. ಸ್ಟೀರಿಂಗು ಹಿಡಿದ ಕೈಗೆ ರಸ್ತೆಯ ಸ್ಥಿತಿ ಕೂಡಲೇ ತಿಳಿಯುತ್ತದೆ. ನಮ್ಮನ್ನು ಮರುಳು ಮಾಡಿದ್ದುದು ಈ ಗುಣವೇ.

ತರುವುದೋ, ಇಲ್ಲಿಯೇ ಕೊಳ್ಳುವುದೋ

ಇಂಗ್ಲೆಂಡಿನ ಕಾರನ್ನೇ ತರಬಹುದಲ್ಲವೆ ಎಂದು ಕೆಲವರು ಕೇಳಿಯಾರು. ಬಳಸಿದ ಕಾರನ್ನು ಭಾರತಕ್ಕೆ ತರಲು ನಿಯಮಗಳಿವೆ. ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗು ಬಲಗಡೆಗಿರಬೇಕು, ವೇಗಮಾಪಕ ಕಿಲೋಮೀಟರುಗಳನ್ನು ತೋರಿಸಬೇಕು, ಮುಂದೀಪಗಳು ರಸ್ತೆಯ ಎಡಬದಿಯ ಸಂಚಾರಕ್ಕೆ ಹೊಂದಿರಬೇಕು. ಇಷ್ಟೆಲ್ಲ ಸರಿಯಿದ್ದರೂ ತೆರಬೇಕಾದ ಒಟ್ಟು ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ನಮ್ಮ ಕಾರಿಗೆ ಆರು ವರ್ಷವಾಗಿತ್ತು. ಅದನ್ನು ಅಲ್ಲಿಯೇ ಮಾರಿ ಬಂದೆವು. ಈ ದೇಶದಲ್ಲಿಯೇ ನೋಂದಣಿಯಾದ ಹಳೆಯ ಎರಡಾಸನದ ಕಾರನ್ನು ಹುಡುಕುವುದೊಂದೇ ಉಳಿದ ದಾರಿ.

ಮೊದಲ ಪ್ರಶ್ನೆ: ಊರ ಮುಂದಿನ ಉಬ್ಬು

ಕಾರಿನ ತಳದ ಅತ್ಯಂತ ಕೆಳಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರವನ್ನು ನೆಲದೆತ್ತರ ಎನ್ನೋಣ. ತಗ್ಗಾದ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಸುಮಾರು ೧೨ ಸೆಂಟಿಮೀಟರು. ಗುರುತ್ವಕೇಂದ್ರ ಕೆಳಗಿದ್ದಷ್ಟೂ ತಿರುವಿನಲ್ಲಿ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುವುದು ಕಡಿಮೆ. ತಗ್ಗಾಗಿ ಕಟ್ಟುವುದು ಇದಕ್ಕಾಗಿಯೇ.

ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸಿರುವ ಮಾದರಿ ಉಬ್ಬು ೧೭ ಮೀಟರು ತ್ರಿಜ್ಯದ ವೃತ್ತದ ಒಂದು ತುಂಡು. ಅದರ ಅಗಲ ೩.೭ ಮೀಟರು, ಎತ್ತರ ೧೦ ಸೆಂಟಿಮೀಟರು. ವೃತ್ತದ ಜ್ಯಾದ ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಕಮಾನಿನ ಎತ್ತರ ದೊರೆಯುತ್ತದೆ. ೩.೭ರ ವರ್ಗ ೧೩.೬೯, ೧೭ರ ಎಂಟರಷ್ಟು ೧೩೬, ಭಾಗಲಬ್ಧ ೦.೧೦ ಮೀಟರು. ಲೆಕ್ಕ ಸರಿಹೊಂದಿತು.

ಈಗ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ೨.೩ ಮೀಟರು ಅಂತರವಿರುವ ಕಾರು ಈ ಉಬ್ಬಿನ ನಡುವೆ ನಿಂತಿದೆಯೆನ್ನೋಣ. ನಾಲ್ಕು ಗಾಲಿಗಳೂ ಉಬ್ಬಿನ ಮೇಲೆಯೇ ಇವೆ. ಆಗ ಜ್ಯಾ ೨.೩ ಮೀಟರು. ೨.೩ರ ವರ್ಗವಾದ ೫.೨೯ನ್ನು ೧೩೬ರಿಂದ ಭಾಗಿಸಿದರೆ ೦.೦೩೯ ಮೀಟರು. ಅಂದರೆ ಉಬ್ಬಿನ ನೆತ್ತಿ ಕಾರಿನ ತಳದೆಡೆಗೆ ಏರುವುದು ನಾಲ್ಕು ಸೆಂಟಿಮೀಟರು ಮಾತ್ರ. ೧೨ ಸೆಂಟಿಮೀಟರಿನ ಕಾರು ನಿಶ್ಚಿಂತೆಯಿಂದ ದಾಟಬಲ್ಲುದು.

ಆದರೆ ನಮ್ಮೂರಿನ ಉಬ್ಬು ಪುಸ್ತಕದ ಉಬ್ಬಲ್ಲ. ಅಳತೆಪಟ್ಟಿ ಹಿಡಿದು ಹೋಗಿ ನೋಡಿದೆವು: ಎತ್ತರ ೧೪ ಸೆಂಟಿಮೀಟರು, ಅಗಲ ೯೦ ಸೆಂಟಿಮೀಟರು. ಇಷ್ಟು ಕಿರಿದಾದ ಉಬ್ಬು ಎರಡು ಗಾಲಿಗಳ ನಡುವೆ ಪೂರ್ತಿ ಅಡಗುತ್ತದೆ. ಗಾಲಿಗಳೆಲ್ಲವೂ ಸಮನೆಲದ ಮೇಲಿರುವಾಗ ೧೪ ಸೆಂಟಿಮೀಟರಿನ ಗುಡ್ಡ ೧೨ ಸೆಂಟಿಮೀಟರಿನ ಅಂತರದೊಳಕ್ಕೆ ನುಗ್ಗಬೇಕಾಗುತ್ತದೆ. ಓರೆಯಾಗಿ ಹತ್ತಿಸಿದರೆ ಒಂದೊಂದೇ ಗಾಲಿ ಏರುವುದರಿಂದ ಕೊಂಚ ಅನುಕೂಲವಾದೀತು. ಆದರೆ ದಿನವೂ ಹಾಗೆ ದಾಟುವುದು ಸಾಧ್ಯವಲ್ಲ. ಇಬ್ಬರು ಕುಳಿತಾಗ ಸ್ಪ್ರಿಂಗುಗಳು ತಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ೭೨೫ ಕಿಲೋಗ್ರಾಮಿನ ಕಾರಿಗೆ ಇಬ್ಬರು ಮನುಷ್ಯರೂ ಸಾಮಾನೂ ಸೇರಿ ೨೦೦ ಕಿಲೋಗ್ರಾಂ ಹೊರಿಸಿದರೆ ನೂರಕ್ಕೆ ೨೮ರಷ್ಟು ಭಾರ ಹೆಚ್ಚಿತು. ೧,೬೦೦ ಕಿಲೋಗ್ರಾಮಿನ ಕಾರಿಗೆ ಹೆಚ್ಚುವುದು ನೂರಕ್ಕೆ ೧೨.೫ ಮಾತ್ರ.

ನಾವು ಮೂರು ಕಾರುಗಳನ್ನು ನೋಡಿದೆವು. ಮನಸ್ಸು ಒಪ್ಪಿದ ಕಾರನ್ನು ಅಳತೆಪಟ್ಟಿ ಒಪ್ಪಲಿಲ್ಲ. ಕೊನೆಗೆ ಇಬ್ಬರು ಕುಳಿತ ಮೇಲೂ ೧೫ ಸೆಂಟಿಮೀಟರು ಉಳಿಯುವ, ನೋಟಕ್ಕೆ ಸಾಧಾರಣವಾದ, ಫೈಬರ್‌ಗ್ಲಾಸ್ ಮೈಯ ಕಾರನ್ನು ಆರಿಸಿದೆವು. ಬಿಟ್ಟುಬಂದ ಕಾರಿನ ನೆನಪು ಇನ್ನೂ ಕಾಡುತ್ತದೆ. ಆದರೆ ಉಬ್ಬಿಗೆ ತಗುಲಿ ಒಡೆದ ಎಣ್ಣೆತೊಟ್ಟಿ ಅದಕ್ಕಿಂತ ಹೆಚ್ಚು ಕಾಡುತ್ತಿತ್ತು.

ಎರಡನೆಯ ಪ್ರಶ್ನೆ: ಎದುರಿನ ಲಾರಿ

೮೦೦ ಮತ್ತು ೧,೬೦೦ ಕಿಲೋಗ್ರಾಮಿನ ಎರಡು ಕಾರುಗಳು ಎದುರುಬದುರಾಗಿ, ಸೆಕೆಂಡಿಗೆ ೧೫ ಮೀಟರು ವೇಗದಲ್ಲಿ, ಡಿಕ್ಕಿ ಹೊಡೆದು ಒಂದಾಗಿ ಚಲಿಸಿದವೆಂದು ಭಾವಿಸಿ. ಸಂವೇಗ ಸಂರಕ್ಷಣೆಯ ನಿಯಮದಂತೆ ಅವು ಭಾರದ ಕಾರಿನ ದಿಕ್ಕಿನಲ್ಲಿ ಸೆಕೆಂಡಿಗೆ ೫ ಮೀಟರಿನಂತೆ ಸಾಗುತ್ತವೆ. ಭಾರದ ಕಾರಿನ ವೇಗ ೧೦ ಮೀಟರಿನಷ್ಟು ಬದಲಾಯಿತು. ಹಗುರ ಕಾರಿನದು ೨೦ ಮೀಟರಿನಷ್ಟು. ಒಳಗೆ ಕುಳಿತವರ ದೇಹ ತಾಳಬೇಕಾದುದು ಈ ಬದಲಾವಣೆಯನ್ನೇ. ಎದುರು ಬಂದುದು ೧೬,೦೦೦ ಕಿಲೋಗ್ರಾಮಿನ ಲಾರಿಯಾದರೆ ಹಗುರ ಕಾರಿನ ಬದಲಾವಣೆ ೨೮ ಮೀಟರನ್ನೂ ಮೀರುತ್ತದೆ. ಲಾರಿಯದು ಒಂದೂವರೆ ಮೀಟರನ್ನೂ ಮುಟ್ಟುವುದಿಲ್ಲ.

ಎಂಥ ಚಾಲನಾ ಕೌಶಲವೂ ಈ ಲೆಕ್ಕವನ್ನು ತಿದ್ದಲಾರದು. ಡಿಕ್ಕಿಯನ್ನು ತಪ್ಪಿಸಿಕೊಳ್ಳುವಲ್ಲಿ ಹಗುರ ಕಾರು ಚುರುಕು; ಡಿಕ್ಕಿಯಾದಮೇಲೆ ಅದು ದುರ್ಬಲ. ನಮ್ಮದು ಗಾಳಿಚೀಲಗಳಿಲ್ಲದ ಹಳೆಯ ಕಾರು ಬೇರೆ. ಆದುದರಿಂದ ತಂದೆಯವರ ಮುಂದೆ ಮೂರು ಕಟ್ಟುಗಳನ್ನು ಒಪ್ಪಿಕೊಂಡೆವು. ಹುಬ್ಬಳ್ಳಿಯ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವುದು ಮನೆಯ ನಾಲ್ಕು ಆಸನದ ಕಾರಿನಲ್ಲಿಯೇ. ಕತ್ತಲಾದ ಮೇಲೆ ಹೆದ್ದಾರಿಗೆ ಹಗುರ ಕಾರು ಇಲ್ಲ. ಮಳೆಯಲ್ಲಿಯೂ ಇಲ್ಲ.

ಒಡೆಯನ ಕೆಲಸ

ಕೊಂಡಮೇಲೆ ಕಲಿತ ಪಾಠಗಳೂ ಉಂಟು. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯದು. ಆದರೆ ಅದರಡಿಯ ಉಕ್ಕಿನ ಚೌಕಟ್ಟಿಗೆ ಹಿಡಿಯುತ್ತದೆ. ಹೊಳೆಯುವ ಮೈಯನ್ನು ನೋಡಿ ಮೋಸಹೋಗದೆ, ಕೊಳ್ಳುವ ಮೊದಲು ಕಾರನ್ನು ಎತ್ತಿಸಿ ತಳವನ್ನು ನೋಡಬೇಕು. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಟಯರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಸೂಚಿಸುತ್ತವೆ. ‘೨೩೧೯’ ಎಂದರೆ ೨೦೧೯ನೆಯ ಇಸವಿಯ ೨೩ನೆಯ ವಾರ.

ಗಾಳಿಯ ಒತ್ತಡದ ವಿಷಯದಲ್ಲಿಯೂ ಎಚ್ಚರ ಅಗತ್ಯ. ೮೦೦ ಕಿಲೋಗ್ರಾಮಿನ ಕಾರಿನ ಒಂದೊಂದು ಗಾಲಿಯ ಮೇಲೆ ಸುಮಾರು ೧,೯೬೦ ನ್ಯೂಟನ್ ಬಲ ಬೀಳುತ್ತದೆ. ಟಯರಿನ ಒತ್ತಡ ೧೮೦ ಕಿಲೋಪ್ಯಾಸ್ಕಲ್ ಇದ್ದರೆ ನೆಲಕ್ಕೆ ತಗುಲುವ ಭಾಗ ಸುಮಾರು ೧೦೯ ಚದರ ಸೆಂಟಿಮೀಟರು, ಒಂದು ಅಂಗೈಯಷ್ಟು. ದೊಡ್ಡ ಕಾರುಗಳ ರೂಢಿಯಂತೆ ೨೪೦ಕ್ಕೆ ಏರಿಸಿದರೆ ಅದು ೮೨ಕ್ಕೆ ಇಳಿಯುತ್ತದೆ. ಪೆಟ್ರೋಲ್ ಬಂಕಿನ ಹುಡುಗ ಅಭ್ಯಾಸಬಲದಿಂದ ಗಾಳಿ ತುಂಬುವ ಮುನ್ನ ಅಂಕಿಯನ್ನು ನಾವೇ ಹೇಳಬೇಕು.

ಮಳೆಗಾಲದ ತಿಂಗಳುಗಳಲ್ಲಿ ಕಾರು ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ಮಳೆ ನಿಂತು ಚಳಿ ಬಿದ್ದಾಗ ಅತ್ತಿವೇರಿಯ ನೀರಿಗೆ ವಲಸೆಯ ಹಕ್ಕಿಗಳು ಬಂದಿಳಿಯುತ್ತವೆ. ನಮ್ಮ ಕಾರು ಹೊರಬರುವುದೂ ಆಗಲೇ. ಜಲಾಶಯಕ್ಕೆ ಬಹಳ ಮೊದಲೇ ಎಂಜಿನ್ನು ನಿಲ್ಲಿಸಿ, ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕಿನ ಹಕ್ಕಿಗಳನ್ನು ನೋಡಲು ನಡೆದೇ ಹೋಗುತ್ತೇವೆ. ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ತಂದೆಯವರು ತಾವಾಗಿಯೇ ಎರಡನೆಯ ಆಸನದಲ್ಲಿ ಬಂದು ಕುಳಿತರು. ಊರ ಮುಂದಿನ ಉಬ್ಬು ಬಂದಾಗ ಕೆಳಗೆ ಬಗ್ಗಿ ಕಿವಿಗೊಟ್ಟರು. ಯಾವ ಸದ್ದೂ ಕೇಳಲಿಲ್ಲ.

ಅಭ್ಯಾಸ: ಗಾಲಿಗಳ ಅಂತರ ೨.೬ ಮೀಟರು ಇರುವ ಕಾರಿನ ತಳದೆಡೆಗೆ ಮಾದರಿ ಉಬ್ಬು ಎಷ್ಟು ಏರುತ್ತದೆ? ಉತ್ತರ: ಸುಮಾರು ೫ ಸೆಂಟಿಮೀಟರು. ಬಳಿಕ ನಿಮ್ಮ ಊರಿನ ಉಬ್ಬನ್ನು ಅಳೆದು, ಅದು ಈ ಮಾದರಿಗೆ ಎಷ್ಟು ಹೊಂದುತ್ತದೆಂದು ನೋಡಿರಿ. ವಾಹನ ಸಂಚಾರವಿಲ್ಲದ ಹೊತ್ತಿನಲ್ಲಿ, ಹಿರಿಯರೊಡನೆ ಹೋಗಿ ಅಳೆಯುವುದನ್ನು ಮರೆಯಬಾರದು.