ಮನೆಯಲ್ಲಿ ನೆಲೆಸುವ ಬೀಡಿ-ಸಿಗರೇಟಿನ ವಾಸನೆ

ಹುಳುಮನೆಯೊಳಗೆ ಯಾರೂ ಬೀಡಿ ಸೇದಬಾರದೆಂಬ ನಿಯಮವನ್ನು ದೇವನಹಳ್ಳಿ ಸೀಮೆಯ ರೇಷ್ಮೆ ಬೆಳೆಗಾರರು ಬಲ್ಲರು. ತಂಬಾಕಿನಲ್ಲಿರುವ ನಿಕೋಟಿನ್ ರೇಷ್ಮೆಹುಳುವಿಗೆ ವಿಷ. ಹುಳುವಿನ ವಿಷಯದಲ್ಲಿ ನಾವು ವಹಿಸುವ ಈ ಎಚ್ಚರಿಕೆಯು ಮನೆಯ ತೊಟ್ಟಿಲಿಗೂ ಸಲ್ಲಬೇಕು.

ವಾಸನೆ ಏಕೆ ಉಳಿಯುತ್ತದೆ?

ಬೀಡಿ ಆರಿದೊಡನೆ ಹೊಗೆಯು ಮಾಯವಾದಂತೆ ಕಾಣುತ್ತದೆ. ಆದರೆ ಅದರಲ್ಲಿನ ನಿಕೋಟಿನ್ ಮುಂತಾದ ವಸ್ತುಗಳು ಗೋಡೆ, ಚಾಪೆ, ಕಂಬಳಿ, ಅಂಗಿ, ತಲೆಗೂದಲುಗಳಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತವೆ. ಮೆಲ್ಲಮೆಲ್ಲಗೆ ಗಾಳಿಗೆ ಮರಳುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರಿಗೆ ಕಾರಣವಾಗಬಲ್ಲವು. ವಾಸನೆಯಿದ್ದಲ್ಲಿ ಈ ವಸ್ತುಗಳ ಶೇಷವಿದೆಯೆಂದು ತಿಳಿಯಿರಿ.

ಯಾರಿಗೆ ಅಪಾಯ ಹೆಚ್ಚು?

ಗರ್ಭಿಣಿಯು ಇತರರ ಹೊಗೆಯನ್ನು ಉಸಿರಾಡಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು. ಹೊಗೆಯ ಮನೆಯಲ್ಲಿ ಬೆಳೆಯುವ ಶಿಶುಗಳಿಗೆ ನ್ಯುಮೋನಿಯಾ, ಉಬ್ಬಸ, ಕಿವಿ ಸೋರುವಿಕೆಗಳು ಹೆಚ್ಚು. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುವುದರಿಂದ, ಅಂಟಿಕೊಂಡ ವಸ್ತುಗಳೂ ಅದರ ಒಡಲು ಸೇರುತ್ತವೆ.

ಮಾಡಬೇಕಾದುದೇನು?

1. ಮನೆಯೊಳಗೆ ಯಾರೂ ಸೇದದಂತೆ ಕಟ್ಟುಮಾಡಿ. ಕಿಟಕಿ ತೆರೆದರೂ, ಬೇರೆ ಕೋಣೆಯಲ್ಲಿ ಸೇದಿದರೂ ಸಾಲದು. ಜಗಲಿಯ ಹೊಗೆಯು ಬಾಗಿಲಿನಿಂದ ಒಳಬರುತ್ತದೆ.
2. ಹಾಸಿಗೆ, ಕಂಬಳಿಗಳನ್ನು ಬಿಸಿಲಿಗೆ ಹಾಕಿ. ಬಟ್ಟೆಗಳನ್ನು ಬಿಸಿನೀರು, ಸಾಬೂನಿನಿಂದ ಒಗೆಯಿರಿ.
3. ನೆಲ, ಬಾಗಿಲುಗಳನ್ನು ಸಾಬೂನು ನೀರಿನಿಂದ ಉಜ್ಜಿ ತೊಳೆಯಿರಿ. ಗೋಡೆಯನ್ನು ಕೆರೆದು ಶುಚಿಮಾಡಿದ ಬಳಿಕವೇ ಸುಣ್ಣ ಬಳಿಯಿರಿ.
4. ಸಾಂಬ್ರಾಣಿ, ಊದುಬತ್ತಿಗಳು ವಾಸನೆಯನ್ನು ಮರೆಮಾಡುತ್ತವೆಯೇ ಹೊರತು ನಿವಾರಿಸುವುದಿಲ್ಲ. ಮತ್ತಷ್ಟು ಹೊಗೆಯನ್ನು ಕೂಡಿಸುತ್ತವೆ.
5. ಸೇದಿದವರು ಕೈ-ಬಾಯಿ ತೊಳೆದು, ಅಂಗಿ ಬದಲಿಸಿದ ನಂತರವೇ ಮಗುವನ್ನೆತ್ತಿಕೊಳ್ಳಲಿ.

ಇವುಗಳಿಂದ ವಾಸನೆ ತಗ್ಗುತ್ತದೆ. ಆದರೆ ಒಳಗೆ ಸೇದುವುದು ನಿಲ್ಲದೆ ಯಾವ ತೊಳೆಯುವಿಕೆಯೂ ಪೂರ್ಣ ಫಲ ಕೊಡದು.

2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ತರುವಾಯ ಕೆಲಸಕ್ಕಾಗಿ ಈ ಸೀಮೆಗೆ ಬಂದು, ಬಾಡಿಗೆ ಕೋಣೆಯನ್ನು ಇತರರೊಡನೆ ಹಂಚಿಕೊಂಡಿರುವ ಗಂಡಂದಿರೂ ಉಂಟು. ಜೊತೆಗಾರನು ಸೇದುವವನಾದರೆ, ಹೊರಗೆ ಹೋಗಿ ಸೇದುವಂತೆ ಸ್ನೇಹದಿಂದಲೇ ಕೇಳಿಕೊಳ್ಳಿ. ನಿಮ್ಮ ಬಟ್ಟೆ, ಹಾಸಿಗೆಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಿ. ಊರಿಗೆ ಬಂದಾಗ ಮೊದಲು ಸ್ನಾನ, ಅನಂತರ ಮಗು.

ಹಿರಿಯರಿಗೆ ಹೇಳುವುದು ಹೇಗೆ?

ಮಾವನವರಿಗೆ ಈ ಮಾತನ್ನು ಹೇಳುವ ಭಾರವನ್ನು ಸೊಸೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮಗನೇ ಹೇಳಲಿ: “ಅಪ್ಪಾ, ಮಗುವಿಗೆ ಕೆಮ್ಮು ಬಿಟ್ಟಿಲ್ಲ. ಇನ್ನು ಮೇಲೆ ಹುಣಸೆ ಮರದ ಹತ್ತಿರ ಹೋಗಿ ಸೇದಿ ಬನ್ನಿ.” ತಾನೇ ಸೇದುವವನಾದರೆ, ಮೊದಲು ತಾನು ಬಿಟ್ಟು ಆಮೇಲೆ ಹೇಳಲಿ. ಮೊಮ್ಮಗುವಿನ ಹೆಸರಿನಲ್ಲಿ ಕೇಳಿದ ಮಾತನ್ನು ತಳ್ಳಿಹಾಕುವ ಅಜ್ಜಂದಿರು ವಿರಳ.

ಸೇದುವುದನ್ನು ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಸಿಡುಕು, ತಲೆನೋವು, ನಿದ್ರಾಭಂಗಗಳು ತೋರಬಹುದು. ಇವು ಕೆಲವೇ ವಾರಗಳಲ್ಲಿ ತಗ್ಗುತ್ತವೆ. ಆ ದಿನಗಳಲ್ಲಿ ಪತ್ನಿಯು ಹೀಯಾಳಿಸದೆ ಧೈರ್ಯ ತುಂಬಲಿ. ಸಲಹೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ, ಅಥವಾ 1800-11-2356 ಎಂಬ ಉಚಿತ ದೂರವಾಣಿಗೆ ಕರೆಮಾಡಿರಿ.

ನೆನಪಿಡಿ: ಹೊಗೆಯಿಲ್ಲದ ಮನೆಯೇ ಮಗುವಿಗೆ ತಾಯಿತಂದೆಯರು ಕೊಡುವ ಮೊದಲ ರಕ್ಷೆ.